ಗೋಡೆ ದಾಟಿ ಬರುತ್ತಿದ್ದ ದನಿ

ಹೋದ ವಾರ ನಮ್ಮ ಓಣಿಗೆ ಬೋರ್‌ವೆಲ್ ಕೊರೆಯುವ ಲಾರಿ ಬಂದಿತ್ತು. ಇಳಕಲ್ಲಿನ ನೆಲ ಗೊತ್ತಲ್ಲ, ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಕಲ್ಲು. ದಿನವಿಡೀ ಆ ಯಂತ್ರ ಕಿವಿ ಹರಿಯುವಂತೆ ಅರಚಿತು. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತರು. ಕೊರೆಯುವುದು ನಿಂತು ಬರೀ ಎಂಜಿನ್ನು ಗುರುಗುಡುತ್ತಿತ್ತು. ಆಗ ಅಡುಗೆಮನೆಯ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ ತನ್ನಷ್ಟಕ್ಕೆ ತಾನೇ ‘ಝುಂಯ್’ ಎನ್ನತೊಡಗಿತು...

"ಅತ್ತಿ, ತಗದು ಕೆಳಗ ಇಡ್ರಿ, ಬಿದ್ದಗಿದ್ದೀತು," ಎಂದಳು ಸೊಸೆ. ನಾನು ತೆಗೆಯಲಿಲ್ಲ. ಬಿಡಿಸುತ್ತಿದ್ದ ಮೆಂತ್ಯಸೊಪ್ಪು ಕೈಯಲ್ಲೇ ಉಳಿಯಿತು. ಆ ತಂಬಿಗೆಯಿಂದ ಹಾಗೆ ಸದ್ದು ಹೊರಡಿಸುತ್ತಿದ್ದವರು ಒಬ್ಬರಿದ್ದರು. ಅವರು ಹೋಗಿ ಎಷ್ಟೋ ವರ್ಷಗಳಾದವು.

ಅವರ ಹೆಸರು ನನ್ನ ಬಾಯಲ್ಲಿ ಎಂದೂ ಬಂದಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ‘ಹಿಂದಿನ ಮನಿ ಕಾಕಾ’. ನಾನು ಕಲಾದಗಿಯಿಂದ ಮದುವೆಯಾಗಿ ಇಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ನನ್ನ ಗಂಡ ಹುನಗುಂದದ ಸಾಲಿಯಲ್ಲಿ ಮಾಸ್ತರ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ನಾನು, ಅತ್ತೆ. ನಮ್ಮ ಮನೆಗೂ ಕಾಕಾನ ಮನೆಗೂ ಬೆನ್ನಿಗೆ ಬೆನ್ನು. ಎರಡರ ನಡುವೆ ಒಂದೇ ಗೋಡೆ, ಕಲ್ಲು ಮಣ್ಣಿನದು, ಮೊಳಕ್ಕಿಂತ ದಪ್ಪ. ಅವರ ಬಾಗಿಲು ಆಚೆ ಓಣಿಗೆ, ನಮ್ಮದು ಈಚೆ ಓಣಿಗೆ. ಗೋಡೆಯ ಈ ಕಡೆ ನಮ್ಮ ಅಡುಗೆಮನೆ, ಆ ಕಡೆ ಅವರ ಮಗ್ಗದ ಕೋಣೆ. ಅಲ್ಲಿ ನಾಲ್ಕು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನಾಲ್ಕು ಜನ ಸೀರೆ ನೇಯುತ್ತಿದ್ದರು.

ಬಂದ ಹೊಸತರಲ್ಲಿ ಒಂದು ದಿನ ಒಲೆಯ ಮುಂದೆ ಕೂತಿದ್ದೆ. ಬೆನ್ನಿಗೆ ಏನೋ ನಡುಗಿದಂತಾಯಿತು. ತಿರುಗಿ ನೋಡಿದರೆ ತಂಬಿಗೆ ಗುಂಯ್‌ಗುಡುತ್ತಿತ್ತು. ಗೋಡೆಗೆ ಕಿವಿಯಿಟ್ಟೆ. ಮಗ್ಗದ ಪೆಟ್ಟು, ಅದರಡಿಗೆ ಒಂದು ದನಿ. ಮನುಷ್ಯರದೋ ಗಿರಣಿಯದೋ ತಿಳಿಯದಷ್ಟು ತಗ್ಗು. ಹೆದರಿ ಅತ್ತೆಯನ್ನು ಕೇಳಿದೆ.

"ಹಿಂದಿನ ಮನ್ಯಾಗ ನಾಕ ಮಂದಿ ಪದಾ ಹಾಡ್ತಾರವಾ. ಅದಕ್ಯಾಕ ಅಂಜತಿ?" ಎಂದರು ಅತ್ತೆ.

ನಾಲ್ಕು ಮಂದಿ! ನನಗೆ ಕೇಳಿದ್ದು ಒಬ್ಬರೇ. ಆಮೇಲೆ ಅರ್ಥವಾಯಿತು. ಎತ್ತರದ ದನಿಗಳೆಲ್ಲ ಆ ಮಣ್ಣಿನ ಗೋಡೆಯಲ್ಲೇ ಇಂಗಿ ಹೋಗುತ್ತಿದ್ದವು. ದಾಟಿ ಬರುತ್ತಿದ್ದದ್ದು ಮಗ್ಗದ ಪೆಟ್ಟು ಮತ್ತು ಕಾಕಾನ ದನಿ, ಎರಡೇ. ಉಳಿದ ಮೂವರದು ಅವರ ಬಾಗಿಲಿನಿಂದ ಹೊರಟು ಆಚೆ ಓಣಿಗೆ ಹೋಗುತ್ತಿತ್ತು. ಹೀಗಾಗಿ ಆ ಓಣಿಯವರು ಹಾಡನ್ನು ಕೇಳಿದರು. ನಾನು ಹಾಡಿನ ತಳವನ್ನಷ್ಟೇ ಕೇಳಿದೆ.

ಎತ್ತರದ ದನಿಯವರ ವಿಷಯದಲ್ಲಿ ನನ್ನದು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರು ಹಾಡತೊಡಗಿದರೆ ‘ನನ್ನನ್ನು ನೋಡಿರಿ’ ಎಂದು ಕರೆದಂತೆ ಇರುತ್ತದೆ. ನೋಡದಿದ್ದರೆ ಇನ್ನೂ ಎತ್ತರಿಸುತ್ತಾರೆ. ತಗ್ಗಿನ ದನಿಗೆ ಆ ಹಟವಿಲ್ಲ. ನೀವು ಪಾತ್ರೆ ತೊಳೆಯುತ್ತಿದ್ದರೂ, ಯಾರ ಮೇಲೋ ಸಿಟ್ಟಾಗಿದ್ದರೂ, ಅದು ತನ್ನ ಪಾಡಿಗೆ ಬಂದು ಎದೆಯೊಳಗೆ ಕೂಡುತ್ತದೆ. ಕಿವಿಗಿಂತ ಮೊದಲು ಮೈಗೆ ತಿಳಿಯುತ್ತದೆ. ನೆಲಕ್ಕೆ ಅಂಗೈ ಊರಿ ಕೂತರೆ ಅಂಗೈಗೆ ಗೊತ್ತಾಗುತ್ತಿತ್ತು, ಕಾಕಾ ಈಗ ಪದ ಎತ್ತಿಕೊಂಡರು ಎಂದು. ನನ್ನ ಗಂಡನದೂ ಗಂಡಸಿನ ದನಿಯೇ. ಆದರೆ ಅದು ಗೋಡೆಯ ಮಾತು ಹಾಗಿರಲಿ, ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಪಾಪ, ಸಾಲಿಯಲ್ಲಿ ಕೂಗಿ ಕೂಗಿ ಬಂದಿರುತ್ತಿದ್ದರು.

ಮದುವೆಯಾದ ಮೂರನೆಯ ವರ್ಷ ಹೆರಿಗೆಗೆಂದು ತವರಿಗೆ ಹೋದೆ. ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು... ಬರಿಗೈಯಲ್ಲಿ ಇಳಕಲ್ಲಿಗೆ ಮರಳಿದೆ. ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋದರು. "ವಯಸ್ಸ ಐತಿ, ಮತ್ತ ಆಗತಾವು," ಎಂದವರೇ ಹೆಚ್ಚು. ಯಾರ ಮಾತೂ ನನಗೆ ಬೇಡವಾಗಿತ್ತು. ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದೆ. ಆಚೆಯಿಂದ ಆ ದನಿ ಬರುತ್ತಿತ್ತು. ಅದರಲ್ಲಿ ಮಾತೇ ಇರಲಿಲ್ಲ. ಉದ್ದಕ್ಕೆ ಎಳೆಯುವುದು, ಬಿಡುವುದು, ಮತ್ತೆ ಇನ್ನೂ ಕೆಳಗಿನಿಂದ ಎತ್ತಿಕೊಳ್ಳುವುದು. ಕೇಳುತ್ತ ಅಳುತ್ತಿದ್ದೆ. ಅಳು ಮುಗಿದ ಮೇಲೂ ಅದು ನಡೆದೇ ಇರುತ್ತಿತ್ತು. ಆ ತಿಂಗಳುಗಳಲ್ಲಿ ನನ್ನ ಜೀವ ಹಿಡಿದು ನಿಲ್ಲಿಸಿದ್ದು ಆ ದನಿ. ಹೀಗೆಂದರೆ ದೊಡ್ಡ ಮಾತಾಡಿದಂತೆ ಕಾಣಬಹುದು, ಆದರೆ ಖರೆ. ಕಾಕಾನಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಎರಡೂ ಓಣಿಗೆ ಒಂದೇ ನಳ. ನಮ್ಮ ಮಾತೆಲ್ಲ ಅಲ್ಲಿಯೇ, ಕೊಡ ತುಂಬುವಷ್ಟು ಹೊತ್ತು. ಆ ನಾಲ್ವರ ಕಥೆ ಅವಳ ಬಾಯಿಂದಲೇ ತಿಳಿದದ್ದು. ಒಬ್ಬರು ಮುಂದೆ ಹಾಡುವವರು, ಪದದ ಮಾತೆಲ್ಲ ಅವರದು. ಅಣ್ಣತಮ್ಮಂದಿರಿಬ್ಬರು ಅದನ್ನು ಎತ್ತಿಕೊಂಡು ಮೇಲೆ ಒಯ್ಯುವವರು. ಕಾಕಾ ಕೆಳಗೆ ಸೂರು ಹಿಡಿಯುವವರು. ಅಂದರೆ ಉಳಿದವರು ಎಲ್ಲಿಗೇ ಹೋಗಲಿ, ತಿರುಗಿ ಬಂದು ಇಳಿಯಲು ಒಂದು ನೆಲ ಬೇಕಲ್ಲ, ಅದನ್ನು ಕಾಯುವವರು. ನಾಲ್ವರೂ ಮಗ್ಗದ ಪೆಟ್ಟಿಗೇ ಹಾಡುತ್ತಿದ್ದರು. ಗುಡಿಯ ಭಜನೆಗೆ ಕರೆದರೆ ಹೋಗುತ್ತಿರಲಿಲ್ಲ. ಕಾಲು ಕುಣಿಯಲ್ಲಿ ಇಲ್ಲದಿದ್ದರೆ ತಮಗೆ ಪದವೇ ಏಳುವುದಿಲ್ಲ ಎನ್ನುತ್ತಿದ್ದರಂತೆ. ಹೆಣ್ಣುಮಕ್ಕಳು ಬಾಗಿಲಿಗೆ ಬಂದರೆ ಥಟ್ಟನೆ ಸುಮ್ಮನಾಗುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಕೊಡಲು ನಾನು ಆ ಓಣಿಗೆ ಹೋದಾಗೆಲ್ಲ ಕೇಳಿದ್ದು ಬರೀ ಮಗ್ಗ.

ಎಂಬತ್ತರ ಆಚೆ ಈಚೆ ಕೈಮಗ್ಗಕ್ಕೆ ಕಾಲ ಕೆಟ್ಟಿತು. ಮೊದಲು ಅಣ್ಣತಮ್ಮಂದಿರಿಬ್ಬರೂ ಇಚಲಕರಂಜಿಯ ವಿದ್ಯುತ್ ಮಗ್ಗಕ್ಕೆ ಹೋದರು. ಒಂದು ವರ್ಷ ಕಳೆಯುವುದರೊಳಗೆ ಮುಂದೆ ಹಾಡುವವರು ಗುಳೇದಗುಡ್ಡದಲ್ಲಿದ್ದ ಮಗಳ ಮನೆ ಸೇರಿದರು. ಕೋಣೆಯಲ್ಲಿ ಉಳಿದದ್ದು ಕಾಕಾ, ಮೂರು ಖಾಲಿ ಕುಣಿ. ಇದನ್ನೆಲ್ಲ ಚಿಗವ್ವ ಹೇಳಿದ್ದರಿಂದ ನನಗೆ ತಿಳಿಯಿತು ಅಷ್ಟೇ. ಗೋಡೆಯ ಈ ಕಡೆ ಏನೂ ಬದಲಾಗಿರಲಿಲ್ಲ. ಮಗ್ಗದ ಪೆಟ್ಟು ತೆಳುವಾಗಿತ್ತು, ನಿಜ. ದನಿ ಅದೇ. ಎಳೆಯುವುದು, ಬಿಡುವುದು, ಮತ್ತೆ ಎತ್ತಿಕೊಳ್ಳುವುದು. ಕಾಕಾ ದಿನಾ ಹಾಡುತ್ತಿದ್ದಾರೆ, ಹಾಡಲಿ ಎಂದುಕೊಂಡು ನಾನು ನನ್ನ ಕೆಲಸ ಮಾಡಿಕೊಂಡಿದ್ದೆ.

ಆಚೆ ಓಣಿಯಲ್ಲಿ ಅದು ಬೇರೆಯೇ ಆಗಿ ಕೇಳಿಸುತ್ತಿತ್ತು. ಅಲ್ಲಿಯವರು ಇಷ್ಟು ವರ್ಷ ಮೇಲಿನ ಮೂರು ದನಿ ಕೇಳಿದವರು. ಕೆಳಗೆ ಇನ್ನೊಂದಿದೆ ಎಂಬುದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಒಬ್ಬ ಮನುಷ್ಯ ಒಬ್ಬನೇ ಕೂತು ಹೂಂ... ಎಂದು ಎಳೆಯುತ್ತಾನೆ, ನಡುವೆ ಸುಮ್ಮನಾಗುತ್ತಾನೆ, ಮತ್ತೆ ಎಳೆಯುತ್ತಾನೆ. ಪದವಿಲ್ಲ, ಮಾತಿಲ್ಲ. ನರಳುತ್ತಿದ್ದಾನೆ ಎಂದರು ಕೆಲವರು. ಜತೆಗಾರರು ಹೋದ ಚಿಂತೆಗೆ ತಲೆ ಕೆಟ್ಟಿದೆ ಎಂದರು ಉಳಿದವರು. ಚಿಗವ್ವ ತುಳಸಿಗೇರಿಯ ಹನುಮಪ್ಪನಲ್ಲಿ ಹರಕೆ ಹೊತ್ತಳು, ದವಾಖಾನೆಗೂ ತೋರಿಸಿದಳು. ಕಾಕಾ ಕೇಳಿದವರಿಗೆಲ್ಲ "ಹಾಡಾಕತ್ತೇನಿ" ಎಂದೇ ಹೇಳಿದರಂತೆ. "ಹಂಗಾರ ಪದಾ ಅನ್ರಿ ನೋಡೂಣು," ಎಂದರೆ, "ಮ್ಯಾಲಿಂದು ನಂಗ ಬರಂಗಿಲ್ಲ" ಎಂದರಂತೆ. ಖರೆಯೇ ಅದು, ಅವರಿಗೆ ಗೊತ್ತಿದ್ದದ್ದು ತಮ್ಮ ಪಾಲು ಮಾತ್ರ. ಆದರೆ ಅಂಥ ಉತ್ತರ ಕೇಳಿ ಯಾರು ತಾನೇ ನಂಬುತ್ತಾರೆ?

ಒಂದು ಬೆಳಿಗ್ಗೆ ನಳದ ಹತ್ತಿರ ಚಿಗವ್ವ ಕೊಡ ಕೆಳಗಿಟ್ಟು ಅಳತೊಡಗಿದಳು.

"ಬಾದಾಮಿಯಿಂದ ನನ್ನ ಮೈದುನ ಬಂದಾನವಾ. ನಾಳೆ ಇವರನ್ನ ಧಾರವಾಡಕ್ಕ ಕರಕೊಂಡು ಹೋಗ್ತಾನಂತ. ಮಗ್ಗಾ ಬಿಚ್ಚಿ ಅಟ್ಟದ ಮ್ಯಾಲ ಒಗೀತೇನಿ ಅಂತಾನ."

ನಮ್ಮ ಕಡೆ ಧಾರವಾಡಕ್ಕೆ ಕರೆದೊಯ್ಯುತ್ತಾರೆ ಎಂದರೆ ಓದಿಸಲಿಕ್ಕಲ್ಲ, ತಲೆ ಕೆಟ್ಟವರ ಆಸ್ಪತ್ರೆಗೆ. ಕೊಡ ಅಲ್ಲಿಯೇ ಬಿಟ್ಟು ಚಿಗವ್ವನ ಹಿಂದೆ ನಡೆದೆ. ಕಟ್ಟೆಯ ಮೇಲೆ ಮೈದುನ ಕೂತಿದ್ದರು, ಬಿಳಿ ಟೊಪ್ಪಿಗೆಯ ಗಟ್ಟಿ ಆಳು. ಒಳಗೆ ಮಗ್ಗ ನಡೆದಿತ್ತು, ದನಿಯೂ ನಡೆದಿತ್ತು. ಗೋಡೆಯಿಲ್ಲದೆ ಅದನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆಯವರ ಮನೆಯ ಗಂಡಸರ ಎದುರು ನಿಂತು ಅಷ್ಟು ಮಾತಾಡಿದ್ದೂ ಅದೇ ಮೊದಲು.

"ಯಣ್ಣಾ, ಒಂದೀಟು ಕೇಳ್ರಿ. ಈಗ ಎಳ್ಯಾಕತ್ತಾರ... ಈಗ ಬಿಡ್ತಾರ ನೋಡ್ರಿ."

ದನಿ ನಿಂತಿತು. ಮಗ್ಗದ ಪೆಟ್ಟು ಮಾತ್ರ.

"ಇಲ್ಲಿ ಉಳಿದವರು ಹಾಡ್ತಿದ್ರು ಅನಸ್ತೈತ್ರಿ. ಮೊದಲಿಂದ ಇಲ್ಲಿ ಹಿಂಗ ಖಾಲಿ ಇರತೈತಿ. ಈಗ ಮತ್ತ ಸುರು ಮಾಡ್ತಾರ, ಇನ್ನೂ ತಗ್ಗಿಗೆ ಇಳದು."

ದನಿ ಎದ್ದಿತು, ಮೊದಲಿಗಿಂತ ತಗ್ಗಿನಿಂದ. ಮೈದುನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ತಿರುಗುತ್ತಾರೆ ಎಂದು ನಾನು ಮುಂಚೆ ಮುಂಚೆ ಹೇಳುತ್ತ ಹೋದೆ. ಪದ ಮುಗಿದ ಮೇಲೆ ಮೈದುನ ನನ್ನ ಕಡೆ ತಿರುಗಿದರು.

"ನಿಮಗ ಹೆಂಗ ಗೊತ್ರಿ ಅಕ್ಕಾರ?"

"ನಮ್ಮ ಅಡಗಿ ಮನಿ ಗ್ವಾಡಿಗೆ ಬರತೈತ್ರಿ. ನಾ ಈ ಊರಿಗೆ ಬಂದಾಗಿಂದ ಇದನ್ನ ಕೇಳಾಕತ್ತೇನಿ. ಒಂದಿನಾನೂ ತಪ್ಪಿಲ್ಲ."

ಮೈದುನ ಚಿಗವ್ವನ ಕಡೆ ತಿರುಗಿದರು. "ತಲಿ ಕೆಟ್ಟಾವಗ ಇಷ್ಟು ತಾಳ ಎಲ್ಲಿಂದ ಬರಬೇಕು ವೈನಿ? ಇರಲಿ ಬಿಡ್ರಿ," ಎಂದು ಮರುದಿನ ಒಬ್ಬರೇ ಬಾದಾಮಿಗೆ ಹೋದರು.

ಆವತ್ತು ಕಟ್ಟೆಯ ಮೇಲಿನ ಮಾತು ಕೇಳಿಸಿ ಕಾಕಾ ಆಗಲೇ ಬಾಗಿಲಿಗೆ ಬಂದಿದ್ದರು. ಸಣ್ಣ ಆಳು. ಅಂಥ ದನಿ ಆ ಮೈಯ ಯಾವ ಮೂಲೆಯಲ್ಲಿತ್ತೋ! ಕೈಗೆ ನೂಲಿನ ಗಂಜಿ ಅಂಟಿತ್ತು.

"ಗ್ವಾಡಿ ದಾಟಿ ಬರತೈತೇನವಾ?"

"ಬರತೈತ್ರಿ ಕಾಕಾ."

"ಮ್ಯಾಲಿನ ದನಿ?"

"ಅವು ಬರೂದಿಲ್ರಿ. ನಿಮ್ಮದೊಂದ."

ಅವರು ನೆಲ ನೋಡಿದರು. "ಇಷ್ಟ ವರ್ಷ... ನಂದೊಂದ?" ಎಂದರು. ಒಳಗೆ ಹೋದರು.

ಅದಾದ ಮೇಲೆ ಬಹಳ ದಿನ ಗೋಡೆ ಸುಮ್ಮನಿತ್ತು. ಮಗ್ಗ ನಡೆಯುತ್ತಿತ್ತು, ದನಿಯಿಲ್ಲ. ಹುಚ್ಚು ಎಂದಾಗ ನಿಲ್ಲಿಸದವರು ಕೇಳುವವಳಿದ್ದಾಳೆ ಎಂದೊಡನೆ ನಿಲ್ಲಿಸಿಬಿಟ್ಟರು. ನನಗೆ ನಗುವೂ ಬಂತು, ಸಂಕಟವೂ ಆಯಿತು. ಆದರೆ ಯೋಚಿಸಿದರೆ ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಸೂರು ಹಿಡಿಯುವವನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಹಾಡನ್ನು, ಹೊಗಳುವುದು ಮುಂದೆ ಹಾಡಿದವನನ್ನು. ತಾನು ಯಾರಿಗೂ ಕೇಳಿಸುವುದಿಲ್ಲ ಎಂಬ ಭರವಸೆಯ ಮೇಲೆಯೇ ಅವನು ಅಷ್ಟು ನಿಶ್ಚಿಂತೆಯಿಂದ ಹಾಡುತ್ತಿರುತ್ತಾನೆ. ಇಲ್ಲಿ ನೋಡಿದರೆ ಒಬ್ಬ ಹೆಣ್ಣುಮಗಳು ಅವರೊಬ್ಬರನ್ನೇ ಕೇಳಿಕೊಂಡು ಕೂತಿದ್ದಳು... ಒಂದು ದಿನ ತಂಬಿಗೆ ಮತ್ತೆ ಗುಂಯ್ ಎಂದಿತು. ನಾನು ಗೋಡೆಗೆ ಅಂಗೈ ಊರಿದೆ. ಮೊದಲಿಗಿಂತ ಮೆಲ್ಲಗೆ ಇತ್ತು. ದಿನ ಕಳೆದಂತೆ ಪೂರ್ತಿ ತೆರೆದುಕೊಂಡಿತು. ಆಮೇಲಿನ ಒಂದೆರಡು ವರ್ಷ ಅವರು ನನಗಾಗಿಯೂ ಹಾಡಿದರು ಎಂದು ನಾನು ನಂಬಿದ್ದೇನೆ. ಕೇಳುವ ಧೈರ್ಯ ನನಗೆ ಬರಲಿಲ್ಲ, ಹೇಳುವ ಸ್ವಭಾವ ಅವರದಾಗಿರಲಿಲ್ಲ.

ಚಳಿಗಾಲದ ಮೊದಲ ದಿನಗಳು. ಊಟ ಮುಗಿಸಿ ಜೋಳ ಹಸನು ಮಾಡುತ್ತ ಕೂತಿದ್ದೆ. ಆಚೆಯಿಂದ ದನಿ ಬಂತು. ಬಿಡಬೇಕಾದಲ್ಲಿ ಬಿಡಲಿಲ್ಲ. ಎಳೆದದ್ದು ಎಳೆದೇ ಇತ್ತು, ಮಗ್ಗದ ಪೆಟ್ಟೂ ಇರಲಿಲ್ಲ. ಮೊರ ಪಕ್ಕಕ್ಕಿಟ್ಟು ಎದ್ದೆ.

"ಹಾಡಾಕತ್ತಾನ, ಕೂಡು," ಎಂದರು ಅತ್ತೆ.

"ಇಲ್ರಿ ಅತ್ತಿ. ಇದು ಹಾಡಲ್ಲ."

ಬರಿಗಾಲಲ್ಲಿ ಓಣಿ ಸುತ್ತಿ ಓಡಿದೆ. ಚಿಗವ್ವ ಕಟ್ಟೆಯ ಮೇಲೆ ಅಕ್ಕಪಕ್ಕದವರ ಜತೆ ಮಾತಾಡುತ್ತ ಕೂತಿದ್ದಳು. ಒಳಗಿನ ದನಿ ಅವಳಿಗೂ ಕೇಳುತ್ತಿತ್ತು. ಹಾಡು ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ, ನಂಬಿ ನೆಮ್ಮದಿಯಾಗಿದ್ದಳು. ಕಾಕಾ ಕುಣಿಯೊಳಗೆ ವಾಲಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಾಡಿಗೆ ಕಾರು ಹಿಡಿದು ಬಾಗಲಕೋಟೆಗೆ ಒಯ್ದರು. ಲಕ್ವಾ. ಹೊತ್ತಿಗೆ ತಂದಿರಿ, ಜೀವ ಉಳಿಯಿತು ಎಂದರಂತೆ ಡಾಕ್ಟರರು. ಜೀವ ಉಳಿಯಿತು, ಬಲಗಡೆ ಪೂರ್ತಿ ಹೋಯಿತು, ದನಿ ಹೋಯಿತು.

ಮಗ್ಗದ ಕೋಣೆಯಲ್ಲಿಯೇ ಗೋಡೆಯ ಪಕ್ಕ ಹಾಸಿಗೆ ಹಾಕಿದರು. ಅಂಬಲಿ ಮಾಡಿಕೊಂಡು ನೋಡಲು ಹೋದೆ. ಕಾಕಾ ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಬಾಯಿ ತೆರೆದರು. ಬರೀ ಉಸಿರು ಬಂತು. ಅವರ ಪದ ನನಗೆ ಮೊದಲಿನಿಂದ ಕೊನೆಯವರೆಗೆ ಗೊತ್ತಿತ್ತು. ಅಲ್ಲಿಯೇ ಹಾಡಬೇಕು ಎನ್ನಿಸಿತು. ಮಾತಾಡಿಸಲು ಬಂದ ಮಂದಿ ಸುತ್ತ ಕೂತಿದ್ದರು. ಎಷ್ಟೆಂದರೂ ನಾನು ಇನ್ನೊಂದು ಮನೆಯ ಸೊಸೆ, ಬಾಯಿ ಬರಲಿಲ್ಲ.

ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಸುರು ಮಾಡಿದೆ. ಬೆಳಿಗ್ಗೆ ಅತ್ತೆ ಗುಡಿಗೆ ಹೋದ ಮೇಲೆ, ಗೋಡೆಗೆ ಹೊಂದಿಸಿ ಹೂಳಿದ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತ ಅರ್ಧಕ್ಕೆ ಬಂದಾಗ, ಕೈ ನಿಲ್ಲಿಸುತ್ತಿದ್ದೆ. ಸಪ್ಪಳ ಅಡ್ಡ ಬರಬಾರದು ನೋಡಿ. ಒಲೆ ಸಣ್ಣಗೆ ಮಾಡಿ, ಗೋಡೆಗೆ ಬಾಯಿ ಹಚ್ಚಿ, ಕಾಕಾನ ಪಾಲನ್ನು ಕಾಕಾನಿಗೇ ಹಾಡುತ್ತಿದ್ದೆ. ಅಷ್ಟು ತಗ್ಗಿಗೆ ಹೆಣ್ಣಿನ ದನಿ ಎಲ್ಲಿ ಇಳಿಯಬೇಕು? ನನ್ನ ಎತ್ತರದಲ್ಲಿಯೇ ಹಾಡಿದೆ. ಎಳೆಯುವಲ್ಲಿ ಎಳೆದೆ, ಬಿಡುವಲ್ಲಿ ಬಿಟ್ಟೆ. ಚಳಿಗಾಲ ಪೂರ್ತಿ ಹೀಗೆ ನಡೆಯಿತು. ರೊಟ್ಟಿ ಹಂಚಿನ ಮೇಲೆ ಕರಕಾದದ್ದೂ ಉಂಟು. ಕಾಕಾ ಕೇಳುತ್ತಿದ್ದಾರೆ ಎಂಬ ಸಮಾಧಾನದಲ್ಲಿ ಅತ್ತೆಯಿಂದ ಬೈಸಿಕೊಂಡೆ.

ಯುಗಾದಿಗೆ ಮೊದಲೇ ಕಾಕಾ ತೀರಿಕೊಂಡರು. ಹಳೆಯ ಜತೆಗಾರರು ಮೂವರೂ ಬಂದರು. ಹೂವು ಹಾಕಿ ಕೂರಿಸಿದ ದೇಹದ ಮುಂದೆ, ಗುಡಿಗೆ ಕರೆದರೂ ಹೋಗದ ಆ ಮೂವರು ಕೂತು ಹಾಡಿದರು. ಅವರ ಹಾಡು ನಾನು ಕೇಳಿದ್ದು ಆವತ್ತೊಂದೇ ದಿನ. ಯಾವ ಪದ ಎಂದು ಗುರುತೇ ಹತ್ತಲಿಲ್ಲ. ದನಿ ಏರುತ್ತ ಏರುತ್ತ ಹೋಯಿತು. ಎಲ್ಲಿ ಇಳಿಯಬೇಕೋ ಅವರಿಗೆ ತಿಳಿಯಲಿಲ್ಲ, ನಡುವೆಯೇ ಬಿಟ್ಟರು. ದುಃಖಕ್ಕೆ ಬಿಟ್ಟರು ಎಂದು ಮಂದಿ ಕಣ್ಣೊರೆಸಿಕೊಂಡರು.

ದಿನ ಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿಗವ್ವ ನಮ್ಮ ಅಡುಗೆಮನೆಗೆ ಬಂದು ಕೂತಳು. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದೆ, ಕಾಕಾ ಮಲಗಿದ್ದಾಗ ನಾನು ದಿನಾ ಈ ಗೋಡೆಗೆ ಅವರ ಪದ ಹಾಡುತ್ತಿದ್ದೆ ಎಂದು.

"ಹಾಡತಿದ್ದಿ? ಯಾವಾಗವಾ? ನಮಗ ಏನೂ ಕೇಳಿಲ್ಲಲ್ಲ."

ನಾನು ಬಾಯಿ ಹಚ್ಚುತ್ತಿದ್ದ ಜಾಗವನ್ನು ಗೋಡೆಯ ಮೇಲೆ ತೋರಿಸಿದೆ.

"ನೀ ರೊಟ್ಟಿ ಬಡಿಯೂದು ಕೇಳತಿತ್ತು. ಅದು ಸುರು ಆತಂದ್ರ ಕಣ್ಣ ತೆರೀತಿದ್ರು. ಮಗ್ಗದ ಪೆಟ್ಟು ಅನಸ್ತಿತ್ತೋ ಏನೋ. ಎಡಗೈ ಹಾಸಿಗಿ ಮ್ಯಾಲ ತಾಳ ಹಾಕತಿತ್ತು, ಬಾಯಿ ತೆರದು ಭಾಳ ಧಡಪಡಿಸ್ತಿದ್ರು, ಇನ್ನೇನು ಹಾಡೇ ಬಿಡ್ತಾರ ಅನ್ನಂಗ. ಆದ್ರ ನೀ ದಿನಾ ನಡುವ ನಿಲ್ಲಿಸಿಬಿಡ್ತಿದ್ದಿ ನೋಡು... ನಿಂತ ಕೂಡ್ಲೆ ಗ್ವಾಡಿ ನೋಡಕೋತ ಕಣ್ಣ ತುಂಬಾ ನೀರು ತರ್ತಿದ್ರು. ಬಡೀತಾಳ, ತಡೀರಿ, ಅಂತಿದ್ದೆ ನಾ."

ಚಿಗವ್ವನೂ ಈಗ ಇಲ್ಲ. ಮನೆ ಮಾರಿದರು. ಮಗ್ಗದ ಕೋಣೆಯನ್ನು ಯಾರೋ ಸಿಮೆಂಟಿನ ಗೋದಾಮು ಮಾಡಿಕೊಂಡಿದ್ದಾರೆ. ನನಗೆ ಮೊಣಕೈ ನೋವು. ರೊಟ್ಟಿಯನ್ನು ಖಾನಾವಳಿಯಿಂದ ತರಿಸೋಣ ಎಂದು ಸೊಸೆ ಬೇಡಿಕೊಳ್ಳುತ್ತಾಳೆ. ನಾನು ಕೇಳುವುದಿಲ್ಲ. ಹಿಟ್ಟಿಗೆ ಕೈ ಹಚ್ಚಿದರೆ ಕೊನೆಯ ರೊಟ್ಟಿಯವರೆಗೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಗೋಡೆಯ ಆಚೆ ಇರುವುದು ಬರೀ ಸಿಮೆಂಟಿನ ಚೀಲ ಎಂಬುದು ನನಗೂ ಗೊತ್ತು.